ಬ್ಯಾಂಕಿಗೆ ಬಂದ ರೊಕ್ಕ ಯಾವ ಬಿಲ್ಲಿಂದು? ಎಕ್ಸೆಲ್‌ನ್ಯಾಗ ತಾನಾಗೇ ಹೊಂದಿಸೋದು ಹೆಂಗ?

ಇಳಕಲ್ ಸೊಸಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಇಳಕಲ್‌ನ್ಯಾಗ ಸೀರಿ ಹೋಲ್‌ಸೇಲ್ ಅಂಗಡಿ. ಮಗ್ಗದವರ ಕಡಿಂದ ಮಾಲು ತಗೊಂಡು ಗದಗ, ಕೊಪ್ಪಳ, ಗಂಗಾವತಿ, ಆ ಕಡಿ ಸೊಲ್ಲಾಪುರ, ಸಾಂಗ್ಲಿ ಅಂಗಡಿಗೋಳಿಗೆ ಉದ್ರಿ ಕೊಡ್ತೀವಿ. ಬಿ.ಕಾಂ ಓದ್ಯಾಳ ಅಂತ ಮಾವನವರು ಮದುವಿ ಆದ ಮೂರನೇ ತಿಂಗಳಿಗೆ ಲೆಕ್ಕದ ಕೆಲಸ ನನ್ನ ಕೊರಳಿಗೆ ಕಟ್ಟಿದ್ರು. ಅವರು ಬರದಿಟ್ಟ ಕೆಂಪು ಖಾತೆ ಪುಸ್ತಕ ಇನ್ನೂ ಗಲ್ಲಾದ ಬಾಜೂಕ ಅದಾವ. ನಾ ಎಕ್ಸೆಲ್‌ನ್ಯಾಗ ಎರಡು ಹಾಳಿ ಮಾಡೀನಿ: ಒಂದು ಬಿಲ್ಲು, ಒಂದು ಜಮಾ.

ತಿಂಗಳಿಗೆ 170–180 ಬಿಲ್ಲು ಆಗ್ತಾವ. ಬ್ಯಾಂಕಿಗೆ 200ರ ಮ್ಯಾಲೆ ಜಮಾ ಬರ್ತಾವ. ಬಿಲ್ಲಿಗಿಂತ ಜಮಾ ಜಾಸ್ತಿ ಯಾಕಂದ್ರ ಒಂದ ಬಿಲ್ಲಿನ ರೊಕ್ಕ ಮೂರು ಸಲ ಹಾಕೋರೂ ಅದಾರ, ಮೂರು ಬಿಲ್ಲಿಂದು ಒಮ್ಮೆ ಹಾಕೋರೂ ಅದಾರ.

ವಿಲುಕಪ್ ಅನ್ನೋ ಹುಡುಕೋ ಫಾರ್ಮುಲಾ ಹಾಕಿ ಮೊತ್ತದ ಮ್ಯಾಲೆ ಬಿಲ್ ನಂಬರ್ ಹುಡುಕಿಸಿದೆ. ಮೊದಲನೇ ತಿಂಗಳು ಬಾಳ ಖುಷಿ ಆತು. ಎರಡನೇ ತಿಂಗಳು ಮಾನ ಹೋತು. ಗದಗಿನ ಒಂದು ಅಂಗಡಿಗೆ 850ರ ಹನ್ನೆರಡು ಸೀರಿ, ಜಿಎಸ್‌ಟಿ 5 ಪರ್ಸೆಂಟ್ ಸೇರಿ 10,710. ಹದಿನೈದು ದಿನ ಬಿಟ್ಟು ಮತ್ತ ಅದ ಮಾಲು, ಅದ 10,710. ಅವರು ಎರಡೂ ಬಿಲ್ಲಿನ ರೊಕ್ಕ ಹಾಕ್ಯಾರ. ವಿಲುಕಪ್ಪು ಎರಡೂ ಜಮಾಕ್ಕ ಮೊದಲನೇ ಬಿಲ್ ನಂಬರ್ ಹಚ್ಚಿ ಎರಡನೇ ಬಿಲ್ಲು ಬಾಕಿ ಅಂತ ತೋರಿಸ್ತು. ನಾ ಫೋನ್ ಹಚ್ಚಿ ಕೇಳಿದೆ. ಅವರು ನನಗೇನೂ ಅನ್ನಲಿಲ್ಲ, ಮಾವನವರಿಗೆ ಫೋನ್ ಹಚ್ಚಿ, "ಏನ್ರೀ ಧಣಿ, ನಮ್ಮ ಮ್ಯಾಲೆ ನಂಬಿಕಿ ಹೋತೇನ್ರೀ?" ಅಂದ್ರಂತ. ಮಾವನವರು ನನಗ ಬೈಲಿಲ್ಲ. ಊಟದ ಹೊತ್ತಿಗೆ, "ಕೇಳೂಕಿಂತ ಮೊದ್ಲ ನನಗೊಂದ ಮಾತು ಕೇಳವ್ವಾ" ಅಂದ್ರು ಅಷ್ಟ. ಬೈದಿದ್ರ ಚಲೋ ಇತ್ತು.

ಇನ್ನೊಂದು ಪಾರ್ಟಿದು ಮೂರು ಬಿಲ್ಲು ಬಾಕಿ: 18,450, 9,975, 24,360. ಅವರ ಕಡಿಂದ 28,000 ಬಂದೈತಿ. ಯಾವುದಕ್ಕೂ ಹೊಂದೋದಿಲ್ಲ.

ಮೂರನೇದು ಹೆಸರಿನ ಗೋಳು. ಬಿಲ್ಲು ಅಂಗಡಿ ಹೆಸರಿಗೆ, ರೊಕ್ಕ ಮಗನ ಫೋನಿಂದ, ಹೆಂಡ್ತಿ ಖಾತೆಯಿಂದ, ಒಮ್ಮೊಮ್ಮೆ ಕೆಲಸದ ಹುಡುಗನ ಯುಪಿಐದಿಂದ.

ಕಡೀಕ ಒಂದು ಎಐ ಚಾಟ್‌ಗೆ ಎರಡೂ ಹಾಳಿ ಕೊಟ್ಟು ಹೊಂದಿಸು ಅಂದೆ. ಒಂದ ನಿಮಿಷಕ್ಕ ಎಲ್ಲಾ ಹೊಂದಿಸಿ ಕೊಡ್ತು. ಒಂದು ಜಮಾನೂ ಉಳೀಲಿಲ್ಲ. ಅಲ್ಲೇ ನನಗ ಸಂಶಯ ಬಂತು, ನಮ್ಮ ಪಾರ್ಟಿಗೋಳು ಅಷ್ಟು ಶಿಸ್ತಿನವರಲ್ಲ.

ಇದಕ್ಕ ಸರಿಯಾದ ಫಾರ್ಮುಲಾ ಐತೇನ್ರಿ? ಇಲ್ಲಾ ಮ್ಯಾಕ್ರೋ (ಎಕ್ಸೆಲ್ ಒಳಗ ಬರಿಯೋ ಪ್ರೋಗ್ರಾಂ) ಕಲೀಬೇಕೋ?

ಕೋಟೆ ಹುಡುಗ

ಟ್ಯಾಲಿ ಹಾಕ್ರಿ ಮೇಡಂ. ಲೆಕ್ಕದ ಸಾಫ್ಟ್‌ವೇರ್ ಅದು, ಬಿಲ್-ವೈಸ್ ಅಂದ್ರ ಬಿಲ್ಲಿಗೊಂದು ಲೆಕ್ಕ ಇಡೋದನ್ನ ಆನ್ ಮಾಡಿದ್ರ ಮುಗೀತು.

ಉದ್ಯಮಬಾಗ ಕಾರಕೂನ

ಮ್ಯಾಲಿನ ತಮ್ಮಾ, ಟ್ಯಾಲಿ ಬಿಲ್ಲು ಹೊಂದಿಸೋದಿಲ್ಲಪಾ, ಯಾವ ಬಿಲ್ಲಿಗೆ ಅಂತ ನಿನ್ನ ಕೇಳ್ತೈತಿ. ಗೊತ್ತಿಲ್ಲದಾಗ ಎಲ್ಲಾರೂ "ಆನ್ ಅಕೌಂಟ್" (ಬಿಲ್ಲು ಹೇಳದ ಬರೇ ಪಾರ್ಟಿ ಹೆಸರಿಗೆ ಜಮಾ) ಒತ್ತಿ ಮುಂದ ಹೋಗ್ತಾರ. ಮಾರ್ಚ್ ಬಂದಾಗ ನೋಡಿದ್ರ ಅದ ಗುಡ್ಡ ಆಗಿರ್ತೈತಿ. ಅಕ್ಕಾರ ಪ್ರಶ್ನಿ ಅದಕ್ಕಿಂತ ಮೊದಲಿಂದು.

ಅಕ್ಕಾರ, ನಾ ಬೆಳಗಾವಿ ಉದ್ಯಮಬಾಗದಾಗ ಒಂದು ಫೌಂಡ್ರಿದಾಗ ಹನ್ನೊಂದು ವರ್ಷದಿಂದ ಲೆಕ್ಕ ನೋಡ್ತೀನಿ. ಸೀರಿ ಬದಲಿ ಎರಕ, ಗೋಳು ಅದ. ನಮ್ಮಲ್ಲಿ ಪಾರ್ಟಿ ಜಾಬ್ ವರ್ಕ್ ಬಿಲ್ಲಿಗೆ ಟಿಡಿಎಸ್ (ಆದಾಯ ತೆರಿಗಿ ಅಂತ ಮೊದ್ಲ ಹಿಡಿಯೋ ರೊಕ್ಕ) ಮುರದು ಕೊಡ್ತಾರ. ಜಿಎಸ್‌ಟಿ ಬಿಟ್ಟು 50,000 ಇದ್ರ 2 ಪರ್ಸೆಂಟ್ ಅಂದ್ರ 1,000 ಕಡಿಮಿ. ಮ್ಯಾಲೆ ಮಾಲು ರಿಜೆಕ್ಷನ್ ಅಂತ ರೊಕ್ಕ ಮುರಿಯೋ ಡೆಬಿಟ್ ನೋಟ್ ಬ್ಯಾರೆ. ಬಿಲ್ಲಿನಷ್ಟ ರೊಕ್ಕ ಬಂದ ದಿನ ನಾವು ಚಹಾ ತರಿಸ್ತೀವಿ.

ಮೊದಲ ಮಾತು: ಬ್ಯಾಂಕಿನಿಂದ ಇಳಿಸಿಕೊಂಡ ಸಿಎಸ್‌ವಿ ಫೈಲನ್ನ ಡಬಲ್ ಕ್ಲಿಕ್ ಮಾಡಿ ತೆಗೀಬ್ಯಾಡ್ರಿ. ಯುಪಿಐದ 12 ಅಂಕಿ ನಂಬರ್ 4.12ಇ+11 ಅಂತ ಕಾಣ್ತೈತಿ, ಮುಂದಿನ ಸೊನ್ನಿ ಹಾರಿ ಹೋಗ್ತೈತಿ. ತಾರೀಖಿಂದು ಅದಕ್ಕಿಂತ ಕೆಟ್ಟ. ಕಂಪ್ಯೂಟರಿನ ರೀಜನ್ ಅಮೆರಿಕ ಅಂತ ಇದ್ರ 05/04 ಅನ್ನೋದು ಏಪ್ರಿಲ್ ಐದರ ಬದಲಿ ಮೇ ನಾಕು ಆಗ್ತೈತಿ. ತಾರೀಖು 13ರಿಂದ ಮುಂದ ಅದಕ್ಕ ತಿಳಿಯೋದಿಲ್ಲ, ಬರೇ ಅಕ್ಷರ ಅಂತ ಬಿಟ್ಟುಬಿಡ್ತೈತಿ. ಒಂದ ಕಾಲಮ್‌ನ್ಯಾಗ ಅರ್ಧ ತಪ್ಪು, ಅರ್ಧ ತಾರೀಖ ಅಲ್ಲ. ಡೇಟಾ ಟ್ಯಾಬ್‌ನಿಂದ ಫೈಲ್ ಒಳಗ ತಗೊಂಡು, ರೆಫರೆನ್ಸ್ ಕಾಲಮ್ ಟೆಕ್ಸ್ಟ್, ತಾರೀಖು ದಿನ-ತಿಂಗಳು-ವರ್ಷ ಅಂತ ಹೇಳಿ ಕೊಡ್ರಿ. 1ರಿಂದ 15, ಮತ್ತ 15ರಿಂದ 30 ಅಂತ ಎರಡು ಸಲ ಇಳಿಸ್ಕೊಂಡ್ರ 15ನೇ ತಾರೀಖಿಂದು ಎರಡು ಸಲ ಬರ್ತೈತಿ. ರೆಫರೆನ್ಸ್ ನಂಬರಿಗೆ ಎಣಿಸೋ ಫಾರ್ಮುಲಾ ಕೌಂಟ್‌ಇಫ್ ಹಾಕಿ, ಒಂದಕ್ಕಿಂತ ಜಾಸ್ತಿ ಬಂದದ್ದನ್ನ ಕೆಂಪು ಮಾಡ್ರಿ.

ಇನ್ನ ಅಸಲಿ ಮಾತು. ನೀವು "ಯಾವ ಬಿಲ್ಲು" ಅಂತ ಕೇಳಾಕತ್ತೀರಿ. ಅದಕ್ಕಿಂತ ಮೊದ್ಲ "ಯಾರ ರೊಕ್ಕ" ಅಂತ ಕೇಳ್ರಿ. ಮೂರನೇ ಹಾಳಿ ಒಂದು ಮಾಡ್ರಿ. ಎಡಕ್ಕ ಬ್ಯಾಂಕಿನ ವಿವರಣದಾಗ ಕಾಣೋ ತುಣುಕು, ಬಲಕ್ಕ ನಿಮ್ಮ ಪಾರ್ಟಿ ಹೆಸರು. ಮಗನ ಯುಪಿಐ ಐಡಿ ಒಂದು ಸಾಲು, ಹೆಂಡ್ತಿ ಹೆಸರು ಒಂದು ಸಾಲು, ಕೆಲಸದ ಹುಡುಗಂದು ಒಂದು ಸಾಲು, ಮೂರಕ್ಕೂ ಬಲಗಡಿ ಅಂಗಡಿ ಹೆಸರು ಒಂದ. ಜಮಾ ಹಾಳಿದಾಗ ಎಕ್ಸ್‌ಲುಕಪ್ ಒಳಗ ಸರ್ಚ್ ಕೂಡಿಸಿ ವಿವರಣದಾಗ ಯಾವ ತುಣುಕು ಐತಿ ಅಂತ ಹುಡುಕಿಸ್ರಿ. ಎರಡು ಕಡಿ ನಾ ಎಡವೀನಿ, ನೀವು ಎಡವಬ್ಯಾಡ್ರಿ. ಪಟ್ಟಿದಾಗ ನಡುವ ಒಂದು ಖಾಲಿ ಸಾಲು ಬಿಟ್ರ ಆ ಖಾಲಿ ಎಲ್ಲಾದಕ್ಕೂ ಹೊಂದತೈತಿ, ಅದರ ಮ್ಯಾಲಿನ ತುಣುಕಿಗೆ ಹೊಂದದ ರೊಕ್ಕೆಲ್ಲ ಖಾಲಿ ಪಾರ್ಟಿಗೆ ಹೋಗ್ತೈತಿ. ಮತ್ತ "ರಾಮ" ಅಂತ ಸಣ್ಣ ತುಣುಕು ಹಾಕಿದ್ರ ರಾಮದುರ್ಗದ ಪಾರ್ಟಿನೂ ಅದರಾಗ ಬೀಳ್ತಾನ. ಉದ್ದನ್ನ ತುಣುಕು ಮ್ಯಾಲೆ, ಸಣ್ಣವು ಕೆಳಗ. ಸಾಧ್ಯ ಆದಷ್ಟು ಹೆಸರು ಬಿಟ್ಟು ಯುಪಿಐ ಐಡಿನ ಹಾಕ್ರಿ.

ಎಕ್ಸೆಲ್ ಒಳಗಿನ ಡೇಟಾ ಜೋಡಿಸೋ ಸಾಧನ ಪವರ್ ಕ್ವೆರಿದಾಗ ಹೆಸರಿನ ಹೋಲಿಕಿ ನೋಡಿ ಜೋಡಿಸೋ ಸೌಲಭ್ಯ ಐತಿ, ನೀವೇನೂ ಹೇಳದಿದ್ರ 0.8 ಹೋಲಿಕಿ ಸಾಕು ಅಂತ ತಿಳ್ಕೊಂತೈತಿ. ಮುಂಬೈದವರು ಹಾಕ್ಕೊಳ್ಳಿ. ನಮ್ಮ ಕಡಿ ಅರ್ಧ ಊರು ಪಾಟೀಲರು, ಉಳದರ್ಧ ಕುಲಕರ್ಣಿ, ದೇಸಾಯಿ. ಹೋಲಿಕಿ ಮ್ಯಾಲೆ ರೊಕ್ಕ ಜಮಾ ಮಾಡಬಾರದು.

ಈಗ 10,710ರ ಎರಡು ಬಿಲ್ಲು. ವಿಲುಕಪ್ ಯಾವಾಗಲೂ ಮೊದಲು ಸಿಕ್ಕಿದ್ದನ್ನ ಕೊಡ್ತೈತಿ, ಅದು ಒಮ್ಮೆ ಖರ್ಚಾಗೈತಿ ಅನ್ನೋದು ಅದಕ್ಕ ಗೊತ್ತಿಲ್ಲ. ಅದಕ್ಕ ಎರಡೂ ಹಾಳಿದಾಗ ಒಂದು ಕೀಲಿ ಕಾಲಮ್ ಮಾಡ್ರಿ: ಪಾರ್ಟಿ, ಮೊತ್ತ, ಮತ್ತ ಅದು ಎಷ್ಟನೇ ಸಲ. ಎಷ್ಟನೇ ಸಲ ಅನ್ನೋದಕ್ಕ ಕೌಂಟ್‌ಇಫ್ಸ್. ಶುರುವಿನ ಸೆಲ್ಲಿಗೆ ಡಾಲರ್ ಗುರುತು ಹಾಕಿ ಅಲ್ಲೇ ಕಟ್ರಿ, ಕಡೀ ಸೆಲ್ಲಿಗೆ ಹಾಕಬ್ಯಾಡ್ರಿ, ಕೆಳಗ ಎಳದಂಗ ಎಣಿಕಿ ಬೆಳೀತೈತಿ. ಮೊದಲನೇ 10,710ಕ್ಕ "1", ಎರಡನೇದಕ್ಕ "2". ಜಮಾದ "2" ಬಿಲ್ಲಿನ "2"ಕ್ಕ ಹೋಗಿ ಕೂಡ್ತೈತಿ. ನಿಮ್ಮ ಗದಗಿನ ಧಣಿ ಸಿಟ್ಟು ಇದೊಂದ ಕಾಲಮ್‌ನ್ಯಾಗ ತಪ್ಪತಿತ್ತು.

28,000ದ್ದು ನಾ ಹೇಳ್ತೀನಿ, ನೀವು ಮಾವನವರ್ನ ಕೇಳಿ ತಾಳೆ ಹಚ್ಚಿ ನೋಡ್ರಿ. 18,450 ಮತ್ತ 9,975 ಕೂಡಿದ್ರ 28,425. ಒಂದೂವರಿ ಪರ್ಸೆಂಟ್ ವಟಾವ (ರೊಕ್ಕ ಕೊಡುವಾಗ ಹಿಡಿಯೋ ಸೋಡಿ) ಅಂದ್ರ 426. ಉಳದದ್ದು 27,999, ಅವ ಒಂದು ರೂಪಾಯಿ ಕೂಡಿಸಿ 28,000 ಮಾಡ್ಯಾನ. ವಟಾವಕ್ಕ ಬ್ಯಾರೆ ಕಾಲಮ್ ಇಡ್ರಿ. ಬಿಲ್ಲಿಗಿಂತ 0ದಿಂದ 2 ಪರ್ಸೆಂಟ್ ಕಡಿಮಿ ಬಂದ್ರ "ವಟಾವ ಇರಬಹುದು" ಅಂತ ಹಳದಿ ಮಾಡಸ್ರಿ, ತಾನಾಗೇ ಚುಕ್ತಾ ಮಾಡಿಸಬ್ಯಾಡ್ರಿ. ಹೆಚ್ಚಿಗಿ ಬಂದ್ರ ಅದು ವಟಾವ ಅಲ್ಲ, ಬ್ಯಾರೆನ ಕಥಿ.

ಹಂಗಾರ ಯಾವ ಯಾವ ಬಿಲ್ಲು ಕೂಡಿದ್ರ ಎಷ್ಟಾಗ್ತೈತಿ ಅಂತ ಎಲ್ಲಾ ಜೋಡಿ ಹುಡುಕೋ ಮ್ಯಾಕ್ರೋ ಬರೀಲೇನು ಅಂತ ಕೇಳಬ್ಯಾಡ್ರಿ. ನಾ ಬರದಿದ್ದೆ. ಒಂದು ಪಾರ್ಟಿದು 20 ಬಿಲ್ಲು ಬಾಕಿ ಇದ್ರ, ಏನೂ ಆರಿಸದ ಬಿಡೋದೂ ಸೇರಿ, 10,48,576 ಜೋಡಿ. ಎಕ್ಸೆಲ್ ಹಾಳಿದಾಗ ಒಟ್ಟು ಸಾಲು ಎಷ್ಟು ಅದಾವೋ ಸರಿಯಾಗಿ ಅಷ್ಟ! ನನ್ನ ಮ್ಯಾಕ್ರೋ ಒಂದು ಜಮಾಕ್ಕ ಹದಿನಾಕು ಉತ್ತರ ಕೊಡ್ತು, ಹದಿನಾಕೂ ಲೆಕ್ಕಕ್ಕ ಸರಿ.

ಗೋಳಗುಮ್ಮಟದ ನೆರಳು

ವಿಜಯಪುರದಿಂದ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಆಡಿಟರ್ ಆಫೀಸಿನಲ್ಲಿದ್ದು ಈಗ ಮನೆಯಲ್ಲಿದ್ದೇನೆ. ಬೆಳಗಾವಿಯವರು ಹೇಳಿದ ಕೀಲಿ ಕಾಲಮ್ ಚೆನ್ನಾಗಿದೆ. ಆದರೆ ತಂಗಿ, ಹದಿನಾಲ್ಕು ಉತ್ತರ ಬಂದಾಗ ಯಾವುದನ್ನು ಆರಿಸಬೇಕು ಎನ್ನುವುದಕ್ಕೆ ಫಾರ್ಮುಲಾ ಹುಡುಕಬೇಕಾಗಿಲ್ಲ. ಕಾಯ್ದೆ ಇದೆ.

1872ರ ಭಾರತೀಯ ಕರಾರು ಕಾಯ್ದೆಯ 59, 60, 61ನೇ ಕಲಮುಗಳನ್ನು ಓದು. ಮೂರೂ ಸೇರಿ ಒಂದು ಪುಟ ಆಗುವುದಿಲ್ಲ. 59: ಸಾಲಗಾರ ಇದು ಈ ಬಾಕಿಗೆ ಎಂದು ಹೇಳಿ ಕೊಟ್ಟರೆ, ಅಥವಾ ಸಂದರ್ಭದಿಂದ ಹಾಗೆಂದು ಗೊತ್ತಾದರೆ, ಹಣ ಇಟ್ಟುಕೊಂಡವನು ಅದಕ್ಕೇ ಜಮಾ ಮಾಡಬೇಕು. ಅಲ್ಲಿ ಕೊಟ್ಟಿರುವ ಉದಾಹರಣೆ ನಿನಗೆ ಇಷ್ಟವಾಗುತ್ತದೆ. ಒಬ್ಬನು ಇನ್ನೊಬ್ಬನಿಗೆ ಬೇರೆ ಬೇರೆ ಸಾಲದ ಜೊತೆಗೆ 567 ರೂಪಾಯಿ ಕೊಡಬೇಕು. ಇವನು ಆ 567ಕ್ಕೆ ಕಾಗದ ಬರೆದು ಕೇಳುತ್ತಾನೆ. ಅವನು 567 ಕಳಿಸುತ್ತಾನೆ. ಆ ಹಣ ಆ ಸಾಲಕ್ಕೇ ಹೋಗಬೇಕು. ಅಂದರೆ ಮೊತ್ತ ನೋಡಿ ಹೊಂದಿಸುವ ನಿನ್ನ ವಿಲುಕಪ್ಪು 1872ರಲ್ಲೇ ಇತ್ತು! 60: ಅವನೂ ಹೇಳಿಲ್ಲ, ಸಂದರ್ಭದಿಂದಲೂ ತಿಳಿಯುವುದಿಲ್ಲ ಎಂದರೆ ಯಾವುದಕ್ಕೆ ಜಮಾ ಮಾಡಬೇಕೆಂಬುದು ನಿಮ್ಮ ಇಚ್ಛೆ. 61: ಇಬ್ಬರೂ ಏನೂ ಮಾಡಿಲ್ಲ ಎಂದರೆ ಹಳೆಯದು ಮೊದಲು.

ನಿನ್ನ ಹಾಳೆಯೂ ಇದೇ ಕ್ರಮದಲ್ಲಿ ನಡೆಯಲಿ. ಮೊದಲು ಪಾರ್ಟಿ ಬಿಲ್ ನಂಬರ್ ಬರೆದಿದ್ದರೆ ಅದು. ಆಮೇಲೆ ಮೊತ್ತ ಸರಿಹೊಂದಿದರೆ ಅದು. ಆಮೇಲೆ ನಿಮ್ಮ ಮಾವನವರ ಮಾತು. ಕೊನೆಗೆ ಹಳೆಯ ಬಿಲ್ಲಿನಿಂದ ತುಂಬುತ್ತಾ ಬಾ.

ಹಳೆಯದರಿಂದ ತುಂಬುವುದಕ್ಕೆ ಮ್ಯಾಕ್ರೋ ಬೇಡ. ಪ್ರತಿ ಬಿಲ್ಲಿನ ಎದುರು, ಅದೇ ಪಾರ್ಟಿಯ ಹಿಂದಿನ ಬಿಲ್ಲುಗಳ ಮೊತ್ತವನ್ನು ಷರತ್ತು ಹಾಕಿ ಕೂಡಿಸುವ ಸಮ್‌ಇಫ್ಸ್‌ನಿಂದ ತೆಗೆ. ಪಾರ್ಟಿಯ ಒಟ್ಟು ಜಮಾದಲ್ಲಿ ಅದನ್ನು ಕಳೆ. ಉಳಿದದ್ದು ಮತ್ತು ಈ ಬಿಲ್ಲು, ಇವೆರಡರಲ್ಲಿ ಸಣ್ಣದು ಯಾವುದೋ ಅದು ಈ ಬಿಲ್ಲಿಗೆ ಬಂದ ಹಣ. ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ. ಮಿನ್ ಒಳಗೆ, ಮ್ಯಾಕ್ಸ್ ಹೊರಗೆ. ಅದೇ ಪಾರ್ಟಿ 40,000 ಕಳಿಸಿದ್ದರೆ 18,450 ಚುಕ್ತಾ, 9,975 ಚುಕ್ತಾ, ಮೂರನೆಯದಕ್ಕೆ 11,575 ಜಮಾ, 12,785 ಬಾಕಿ. ಮೊದಲ ಹಂತಗಳಲ್ಲಿ ಹೊಂದಿದ ಬಿಲ್ಲನ್ನೂ ಜಮಾವನ್ನೂ ಈ ಲೆಕ್ಕದಿಂದ ಹೊರಗಿಡಬೇಕು, ಇಲ್ಲದಿದ್ದರೆ ಒಂದೇ ಹಣ ಎರಡು ಸಲ ಓಡಾಡುತ್ತದೆ.

ಹಳೆಯ ಬಿಲ್ಲು ಮುಗಿಯುವುದು ಪಾರ್ಟಿಗೂ ಬೇಕು. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ನಿಮಗೆ ಹಣ ಕೊಡದಿದ್ದರೆ ಅವರು ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ಟನ್ನು (ನಿಮ್ಮ ಬಿಲ್ಲಿನ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು) ಬಡ್ಡಿ ಸಮೇತ ತಿರುಗಿ ಕಟ್ಟಬೇಕು. ಸೊಲ್ಲಾಪುರದ ಅಂಗಡಿಯವರು ನಾಳೆ ಆಡಿಟರ್ ಹೇಳಿದರೆಂದು ನಿನಗೆ ಫೋನ್ ಮಾಡಿ "ಯಾವ ಬಿಲ್ಲಿಗೆ ಜಮಾ ಮಾಡಿದ್ದೀರಿ" ಎಂದು ಕೇಳಿದರೆ ಆಶ್ಚರ್ಯಪಡಬೇಡ.

ಒಂದು ಕೊನೆಯ ಮಾತು: ಬಿಲ್ ನಂಬರನ್ನು ಬರೀ 112 ಎಂದು ಹಾಕುತ್ತೀರಾ? ನಂಬರು ಒಂದು ಆರ್ಥಿಕ ವರ್ಷದೊಳಗೆ ಮಾತ್ರ ಒಂದೇ ಇರಬೇಕೆಂದು ನಿಯಮ. ಏಪ್ರಿಲ್‌ನಲ್ಲಿ ಮತ್ತೆ 1ರಿಂದ ಶುರು ಮಾಡಿದರೆ ಎರಡು 112 ಆಗುತ್ತವೆ. ಮುಂದೆ ವರ್ಷ ಸೇರಿಸಿ. 16 ಅಕ್ಷರದವರೆಗೆ ಅವಕಾಶ ಇದೆ.

ಕೋಟೆ ಹುಡುಗ

ಅಷ್ಟೆಲ್ಲಾ ಯಾಕ್ರೀ, ಬ್ಯಾಂಕಿನವರು ಒಂದೊಂದು ಪಾರ್ಟಿಗೆ ಒಂದೊಂದು ವರ್ಚುವಲ್ ಅಕೌಂಟ್ ನಂಬರ್ ಕೊಡ್ತಾರಲ್ಲ. ರೊಕ್ಕ ಬಂದ ಕೂಡ್ಲೆ ಯಾರದು ಅಂತ ಗೊತ್ತಾಗ್ತೈತಿ.

ಉದ್ಯಮಬಾಗ ಕಾರಕೂನ

ಇದು ಚಲೋ ಮಾತು ತಮ್ಮಾ, ಟ್ಯಾಲಿ ಮಾತಿಗಿಂತ ಚಲೋ. ದೊಡ್ಡ ಪಾರ್ಟಿಗೆ ಮಾಡಬಹುದು. ಖರೆ ಕೊಪ್ಪಳದ ಸಂತ್ಯಾಗ ಕುಂತ ವ್ಯಾಪಾರಿ ಹೊಸ ನಂಬರ್ ಫೋನಿನ್ಯಾಗ ಸೇರಿಸ್ಕೊಂತಾನ ಅಂತ ನನಗ ನಂಬಿಕಿ ಇಲ್ಲ. ಅವ ಹೋದ ವರ್ಷ ಯಾರಿಗೆ ಹಾಕಿದ್ನೋ ಅದ ಹೆಸರು ಒತ್ತಿ ಹಾಕ್ತಾನ.

ಇಳಕಲ್ ಸೊಸಿ

ಮೂರು ವಾರ ಆತು, ತಡಾ ಆದದ್ದಕ್ಕ ಕ್ಷಮಾ ಇರ್ಲಿ.

28,000ದ್ದು ಅಣ್ಣಾರು ಹೇಳಿದ್ದ ಖರೆ. ಮಾವನವರ್ನ ಕೇಳಿದ್ರ, "ಅವ ಒಂದೂವರಿ ಹಿಡೀತಾನ, ಅವರಪ್ಪನ ಕಾಲದಿಂದ" ಅಂದ್ರು. ನಾ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

"ಯಾರ ರೊಕ್ಕ" ಹಾಳಿ ಮಾಡಾಕ ಮಾವನವರ್ನ ಎರಡು ರಾತ್ರಿ ಕೂಡಿಸ್ಕೊಂಡೆ. ಬ್ಯಾಂಕಿನ ವಿವರಣದಾಗಿನ ಹೆಸರು ಒಂದೊಂದ ಓದಿದೆ, ಅವರು ಕಣ್ಣು ಮುಚ್ಚಿ ಹೇಳಿದ್ರು. "ಇದಾ? ಗಜೇಂದ್ರಗಡದಾವನ ಅಳಿಯ." "ಇದು ಸಾಂಗ್ಲಿ ಅಂಗಡಿ ಮುನೀಮ." "ಈಕಿ ಗಂಗಾವತಿದವನ ಎರಡನೇ ಮಗಳು, ಬ್ಯಾಂಕಿನ್ಯಾಗ ಅದಾಳ, ಅಪ್ಪಗ ಫೋನ್ ಒತ್ತಾಕ ಬರೂದಿಲ್ಲ." 63 ಹೆಸರಿಗೆ 41 ಪಾರ್ಟಿ ಆತು. ಕೆಂಪು ಖಾತೆದಾಗ ಇದ್ಯಾವುದೂ ಬರದಿಲ್ಲ, ನಾ ಹುಡುಕಿದ್ದೆ. ಪಟ್ಟಿ ಮುಗದ ಮ್ಯಾಲೆ ಪ್ರಿಂಟ್ ತಗದು ಕೊಟ್ರ ಚಷ್ಮಾ ಹಾಕ್ಕೊಂಡು ಎರಡು ಸಲ ಓದಿದ್ರು. ಒಂದು ತಪ್ಪು ತಗದ್ರು. ನಾ ಎರಡು ಪಾರ್ಟಿ ಅಂದ್ಕೊಂಡಿದ್ದು ಒಬ್ಬನ ಮನುಷ್ಯನ ಎರಡು ಅಂಗಡಿ, ಒಂದರ ರೊಕ್ಕ ಇನ್ನೊಂದಕ್ಕ ಹಾಕ್ತಿದ್ನಂತ.

ಖಾಲಿ ಸಾಲಿನಾಗ ನಾನೂ ಎಡವಿದೆ ಅಣ್ಣಾರ, ನೀವು ಹೇಳಿದ ಮ್ಯಾಲೂ.

ಹೋದ ತಿಂಗಳ ಲೆಕ್ಕ: ಜಮಾ 212. ಕೀಲಿ ಕಾಲಮ್ಮಿನಿಂದ ಸರಿಯಾಗಿ ಹೊಂದಿದ್ದು 131. ವಟಾವ ಅಂತ ಹಳದಿ ಬಂದು ಮಾವನವರು ಹೂಂ ಅಂದದ್ದು 38. ಹಳೇ ಬಿಲ್ಲಿನಿಂದ ತುಂಬಿದ್ದು 29. ಉಳದದ್ದು 14. ಮೊದ್ಲ ಮೂರು ದಿನ ಹಿಡೀತಿತ್ತು, ಈಗ ಒಂದು ಮಧ್ಯಾಹ್ನ.

ಆ ವಟಾವದ ಕಾಲಮ್ ಕೆಳಗ ಸುಮ್ನ ಒಂದು ಸಮ್ ಹಾಕಿದೆ. 11,860 ಬಂತು, ಒಂದ ತಿಂಗಳಿಂದು. ಯಾರಿಗೆ ಎಷ್ಟು ಬಿಡ್ತೀವಿ ಅಂತ ಮಾವನವರಿಗೆ ಪೈಸಾ ಪೈಸಾ ಗೊತ್ತಿತ್ತು. ಒಟ್ಟು ಎಷ್ಟು ಅಂತ ಅವರು ಎಂದೂ ಕೂಡಿಸಿರಲಿಲ್ಲ. ಆ ಅಂಕಿ ನೋಡಿ ಏನೂ ಅನ್ನಲಿಲ್ಲ. ಮರುದಿನ ಗದಗಿನ ಫೋನ್ ಬಂದಾಗ "ಈ ಸಲ ಒಂದ ಪರ್ಸೆಂಟ್ ಹಿಡೀರಿ" ಅನ್ನೋದು ಒಳಗ ಕುಂತ ನನಗ ಕೇಳಿಸ್ತು.

ವಿಜಾಪುರದ ಕಾಕಾರಿಗೆ: ಬಿಲ್ಲಿನ ಮ್ಯಾಲೆ ಈಗ ವರ್ಷ ಸೇರಿಸೀವಿ. ಬಿಲ್ಲಿನ ಕೆಳಗ "ರೊಕ್ಕ ಹಾಕುವಾಗ ಬಿಲ್ ನಂಬರ್ ಬರೀರಿ" ಅಂತ ಕನ್ನಡದಾಗ, ಮರಾಠಿದಾಗ ಅಚ್ಚು ಹಾಕಿಸೀವಿ. ಇಲ್ಲಿತನಕ ಏಳು ಮಂದಿ ಬರದಾರ. ಒಬ್ಬರು ಬಿಲ್ ನಂಬರಿನ ಜಾಗಾದಾಗ "ಸೀರಿ ರೊಕ್ಕ" ಅಂತ ಬರದಾರ.

ಒಂದು ಪ್ರಶ್ನಿ ಉಳೀತು. ಆ 14ರಾಗ 13 ಮಾವನವರು ಚಹಾ ಕುಡಿಯೂದ್ರಾಗ ಬಿಡಿಸಿದ್ರು. ಒಂದು 7,300 ಯಾರದಂತ ಅವರಿಗೂ ಗೊತ್ತಿಲ್ಲ. ಯುಪಿಐದಿಂದ ಬಂದೈತಿ, ಹೆಸರು ಹೊಸದು. 7,300ರ ಬಿಲ್ಲು ನಮ್ಮಲ್ಲಿ ಯಾವುದೂ ಇಲ್ಲ. ಏನ್ ಮಾಡ್ಲಿ?

ಗೋಳಗುಮ್ಮಟದ ನೆರಳು

ಯಾರ ಬಿಲ್ಲಿಗೂ ತುಂಬಬೇಡ. ಯಾರದೆಂದು ತಿಳಿಯುವವರೆಗೆ ಹಣ ಇಡುವ ಸಸ್ಪೆನ್ಸ್ ಖಾತೆಗೆ ಹಾಕು. ತಾರೀಖು, ರೆಫರೆನ್ಸ್ ನಂಬರ್ ಎರಡೂ ಬರೆದಿಡು.

ಇಳಕಲ್ ಸೊಸಿ

ಆತ್ರಿ ಕಾಕಾ. ಮಾವನವರನ್ನ ಕೇಳಿದ್ರ ಅದಕ್ಕ ನಮ್ಮ ಕೆಂಪು ಖಾತೆದಾಗ ಮೊದ್ಲಿಂದ ಒಂದು ಪುಟ ಐತಂತ, ಅನಾಮತ ಅಂತ. ತಗದು ತೋರಿಸಿದ್ರು. ನಾಕು ಸಾಲು ಅದಾವ, ಮೂರಕ್ಕ ಗೀಟು ಹಾಕ್ಯಾರ. ಒಂದಕ್ಕ ಇನ್ನೂ ಹಾಕಿಲ್ಲ, ಯಾವ ವರ್ಷದ್ದೋ 340 ರೂಪಾಯಿ. ನಾನೂ ಎಕ್ಸೆಲ್‌ನ್ಯಾಗ ಅದ ಹೆಸರಿನ ಹಾಳಿ ಮಾಡಿ, 7,300ರ ಮ್ಯಾಲಿನ ಸಾಲಿನ್ಯಾಗ ಆ 340ನೂ ಬರಕೊಂಡೀನಿ.